ಹದ್ದಿನ ಮೇಲಣ ಆರೋಪ

ಆಸ್ಟ್ರೇಲಿಯದ ಬೇಟೆಹಕ್ಕಿಗಳಲ್ಲಿ ಬೆಣೆಬಾಲದ ಹದ್ದು ಅತ್ಯಂತ ದೊಡ್ಡದು. ರೆಕ್ಕೆ ಬಿಚ್ಚಿದಾಗ ಅದರ ಅಗಲ 2 ಮೀಟರಿಗೂ ಮಿಗಿಲು. ಬಾಲವು ಮರ ಸೀಳುವ ಬೆಣೆಯಂತೆ ತುದಿಗೆ ಕಿರಿದಾಗಿರುವುದರಿಂದ ಅದಕ್ಕೆ ಈ ಹೆಸರು ಬಂದಿದೆ.

ಕುರಿ ಸಾಕುವವರು ಈ ಹಕ್ಕಿಯನ್ನು ಕುರಿಮರಿಗಳ ಹಂತಕನೆಂದೇ ಬಹುಕಾಲ ಬಗೆದಿದ್ದರು. ಸತ್ತ ಮರಿಯ ಮೇಲೆ ಹದ್ದು ಕುಳಿತಿದ್ದರೆ ಬೇರೆ ಸಾಕ್ಷಿ ಏತಕ್ಕೆ? ಸರ್ಕಾರಗಳೂ ಈ ಮಾತನ್ನು ನಂಬಿ, ಕೊಂದ ಪ್ರತಿಯೊಂದು ಹದ್ದಿಗೂ ಬಹುಮಾನ ಕೊಟ್ಟವು. ಪಶ್ಚಿಮ ಆಸ್ಟ್ರೇಲಿಯ ರಾಜ್ಯವೊಂದರಲ್ಲಿಯೇ, 1968ರವರೆಗಿನ ಸುಮಾರು ನಾಲ್ಕು ದಶಕಗಳಲ್ಲಿ, ಈ ಬಹುಮಾನಕ್ಕೆ ಬಲಿಯಾದ ಹದ್ದುಗಳು 1,40,000ಕ್ಕೂ ಹೆಚ್ಚು.

ತೀರ್ಪು ಮೊದಲು ಬಂದಿತು. ವಿಚಾರಣೆ ಆಮೇಲೆ ನಡೆಯಿತು. ಸಂಶೋಧಕರು ಹದ್ದಿನ ಗೂಡುಗಳಲ್ಲಿಯೂ ಅವುಗಳ ಕೆಳಗೂ ಬಿದ್ದಿದ್ದ ಎಲುಬುಗಳನ್ನು ಆಯ್ದರು. ಅರಗದ ತುಪ್ಪಳವನ್ನು ಹಕ್ಕಿ ಉಂಡೆಯಾಗಿ ಉಗುಳುವುದುಂಟು, ಅದನ್ನೂ ಬಿಡಿಸಿ ನೋಡಿದರು. ಸತ್ತ ಕುರಿಮರಿಗಳ ಪರೀಕ್ಷೆಯಂತೂ ಪತ್ತೇದಾರಿಕೆಯನ್ನೇ ಹೋಲುತ್ತದೆ. ಬದುಕಿದ್ದ ಮರಿಗೆ ಉಗುರು ನಾಟಿದ್ದರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ನಾಟಿದ್ದರೆ ಅಂತಹ ಗುರುತಿರದು. ಹೊಟ್ಟೆಯಲ್ಲಿ ಹಾಲಿಲ್ಲದಿದ್ದರೆ ಅದು ಮೊದಲೇ ಹಸಿದು ಸೊರಗಿದ ಮರಿ. ಹದ್ದು ತಿಂದ ಮರಿಗಳಲ್ಲಿ ಅನೇಕವು ಮೊದಲೇ ಸತ್ತವು ಅಥವಾ ಬದುಕಲಾರದವು ಎಂದು ಹೀಗೆ ತಿಳಿದುಬಂದಿತು. ಹದ್ದು ಆರೋಗ್ಯವಾದ ಮರಿಯನ್ನು ಕೊಲ್ಲುವುದೇ ಇಲ್ಲವೆಂದಲ್ಲ. ಆದರೆ ಅದು ಅಪರೂಪ. ಅನೇಕ ಪ್ರದೇಶಗಳಲ್ಲಿ ಅದರ ಮುಖ್ಯ ಆಹಾರ ಮೊಲ. 1859ರಲ್ಲಿ ವಿಕ್ಟೋರಿಯದಲ್ಲಿ ಬೇಟೆಯ ವಿನೋದಕ್ಕೆಂದು ಬಿಟ್ಟ ಮೊಲಗಳು ಬೆಳೆದು, ಕುರಿಗಳ ಹುಲ್ಲನ್ನೇ ಬೋಳಿಸುವ ಪೀಡೆಯಾಗಿದ್ದವು. ರೈತನು ಕೊಂದದ್ದು ತನ್ನ ಶತ್ರುವಿನ ಶತ್ರುವನ್ನು!

ಇಂದು ಈ ಹದ್ದಿಗೆ ಕಾನೂನಿನ ರಕ್ಷಣೆಯಿದೆ. ಆದರೂ ಹಳೆಯ ನಂಬಿಕೆ ಬೇಗ ಸಾಯುವುದಿಲ್ಲ. 400ಕ್ಕೂ ಹೆಚ್ಚು ಹದ್ದುಗಳಿಗೆ ವಿಷವಿಕ್ಕಿದ ಕೃಷಿಕಾರ್ಮಿಕನೊಬ್ಬನಿಗೆ 2018ರಲ್ಲಿ ವಿಕ್ಟೋರಿಯದ ನ್ಯಾಯಾಲಯವು 14 ದಿನಗಳ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಅಪರಾಧಕ್ಕೆ ಹೋಲಿಸಿದರೆ ಅದು ಅಲ್ಪ ಶಿಕ್ಷೆಯೇ ಸರಿ.

ದಕ್ಷಿಣದ ದ್ವೀಪವಾದ ತಾಸ್ಮೇನಿಯದಲ್ಲಿ ಈ ಹದ್ದಿನ ಒಂದು ಉಪಜಾತಿಯಿದೆ. ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಹಳೆಯ ಕಾಡಿನ ಹೆಮ್ಮರಗಳಲ್ಲಿ ಗೂಡು ಕಟ್ಟುವ ಈ ಹಕ್ಕಿ ಬಲು ಸಂಕೋಚದ ಸ್ವಭಾವದ್ದು. ಮನುಷ್ಯನ ಸುಳಿವು ಹತ್ತಿರ ಕಂಡರೆ ಮೊಟ್ಟೆಮರಿಗಳನ್ನೂ ತೊರೆದು ಹೋಗಬಹುದು. ಆದುದರಿಂದ ಸಂತಾನಕಾಲದಲ್ಲಿ ಗೂಡಿನ ಸುತ್ತ ಮರ ಕಡಿಯುವುದನ್ನು ನಿರ್ಬಂಧಿಸಲಾಗುತ್ತದೆ. ವಿದ್ಯುತ್ ತಂತಿಗಳೂ ಗಾಳಿಯಂತ್ರಗಳೂ ಅದಕ್ಕೆ ಹೊಸ ಅಪಾಯಗಳಾಗಿವೆ.

2018ರಿಂದ ತಾಸ್ಮೇನಿಯದಲ್ಲಿ ಹದ್ದುಗಳ ಗಣತಿ ನಡೆಯುತ್ತಿದೆ. ಅದರಲ್ಲಿ ಶಾಲಾಬಾಲಕರೂ ಪಾಲುಗೊಳ್ಳುತ್ತಾರೆ. ಗೊತ್ತುಮಾಡಿದ ಬಯಲಿನಲ್ಲಿ ಹತ್ತು ನಿಮಿಷ ನಿಂತು ಆಕಾಶವನ್ನೇ ದಿಟ್ಟಿಸಬೇಕು. ಹದ್ದು ಕಂಡರೆ ಬರೆದುಕೊಳ್ಳಬೇಕು, ಕಾಣದಿದ್ದರೆ ಕಾಣಲಿಲ್ಲವೆಂದೂ ಬರೆಯಬೇಕು.