ಬಾಗಿದ ಸಿಲಿಂಡರ್ ಹೆಡ್: ಹಳೆಯ ಕಾರಿನ ಮಾಲೀಕರಿಗೆ ಮಾಹಿತಿ

ಹೈದರಾಬಾದಿನಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಗಡಸು ನೀರಿನಿಂದ ರೇಡಿಯೇಟರಿನಲ್ಲಿ ಕಿಟ್ಟ ಕಟ್ಟಿದ್ದರೆ, ಹಿಂದೆ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರಿನ ಎಂಜಿನ್ ಬಹುಬೇಗ ಕಾಯುತ್ತದೆ. ಇದರ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಸುಮಾರು ಇಮ್ಮಡಿ ಹಿಗ್ಗುವುದರಿಂದ, ಬ್ಲಾಕಿಗೆ ಬಿಗಿಯಲಾದ ಹೆಡ್ ಅತಿಶಾಖಕ್ಕೆ ಬಾಗುತ್ತದೆ. ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆಯೊಡನೆ ಬೆರೆಯಬಹುದು.

ಆಗ ಗ್ಯಾಸ್ಕೆಟ್ ಒಂದನ್ನೇ ಬದಲಾಯಿಸುವುದು ಹುಸಿ ಉಳಿತಾಯ; ಹೊಸದೂ ಸುಡುತ್ತದೆ. ಹೆಡ್ಡಿನ ಅಡಿಮೈಯನ್ನು ನೇರಪಟ್ಟಿ ಹಾಗೂ ಫೀಲರ್ ಗೇಜಿನಿಂದ ಪರೀಕ್ಷಿಸತಕ್ಕದ್ದು. ಅಲ್ಪ ಬಾಗನ್ನು ಯಂತ್ರದಲ್ಲಿ ಹೆರೆದು ಸಮಗೊಳಿಸಬಹುದು. ಬಿರುಕಿದ್ದರೆ, ಅಥವಾ ಹಿಂದೆಯೇ ಮಿತಿಯವರೆಗೆ ಹೆರೆದಿದ್ದರೆ, ಬೇರೆ ಹೆಡ್ ಹಾಕಿಸುವುದೇ ಸೂಕ್ತ. ಹಳೆಯ ಬಿಡಿಭಾಗಗಳ ಅಂಗಡಿಯಿಂದ ತಂದ ಹೆಡ್ಡಿಗೂ ಇದೇ ಪರೀಕ್ಷೆ ಅಗತ್ಯ. ಜೋಡಿಸುವಾಗ ನಟ್ಟು-ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮಧ್ಯದಿಂದ ಅಂಚಿನೆಡೆಗೆ, ಹಂತಹಂತವಾಗಿ ಬಿಗಿಯತಕ್ಕದ್ದು. ಅದಕ್ಕೆ ಮೊದಲೇ ರೇಡಿಯೇಟರ್ ಶುಚಿಗೊಳಿಸಿರಬೇಕು.