ಪಡೆದ ಕಾಯಿಲೆ ಭತ್ಯೆಯನ್ನು ಮರಳಿ ಕೇಳಿದಾಗ

ಮುಂಬಯಿಯ ಕಾರ್ಖಾನೆ, ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರಿಗೆ ಇ.ಎಸ್.ಐ. ಹೊಸತಲ್ಲ. ವಂತಿಗೆ ಸಂದಿದ್ದರೆ, ಕಾಯಿಲೆ ಬಿದ್ದವನಿಗೆ ಔಷಧದೊಡನೆ ಸರಾಸರಿ ದಿನವೇತನದ ಶೇಕಡಾ 70ರಷ್ಟು ಭತ್ಯೆಯೂ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಆದರೆ ತಿಂಗಳುಗಳು ಕಳೆದ ಮೇಲೆ ಆ ಹಣವನ್ನು ಹಿಂತಿರುಗಿಸಬೇಕೆಂಬ ಪತ್ರ ಬಂದರೆ, ಇನ್ನೂ ಚೇತರಿಸಿಕೊಳ್ಳದ ರೋಗಿ ಅಂಜಿ, ಸಾಲ ಮಾಡಿ ಕಟ್ಟಿಬಿಡುವುದುಂಟು.

1948ರ ಇ.ಎಸ್.ಐ. ಕಾಯಿದೆಯ 70ನೆಯ ಕಲಮು ಅರ್ಹತೆಯಿಲ್ಲದೆ ಪಡೆದುದನ್ನು ಮಾತ್ರ ಮರಳಿಸಬೇಕೆಂದಿತ್ತು. ಕೆಲಸ ಮಾಡಿದ ದಿನಕ್ಕೂ ಸಂಬಳಸಹಿತ ರಜೆಯ ದಿನಕ್ಕೂ ಭತ್ಯೆಯಿಲ್ಲವೆಂದು 63ನೆಯ ಕಲಮು ಹೇಳಿತ್ತು. ಜಗಳ ಹುಟ್ಟುವುದು ಇಲ್ಲಿಯೇ. ಭತ್ಯೆ ಸಲ್ಲುವುದು ದಿನದ ಲೆಕ್ಕದಲ್ಲಿ; ವಸೂಲಿಯೂ ದಿನದ ಲೆಕ್ಕದಲ್ಲಿಯೇ ನಿಲ್ಲಬೇಕು. ವೈದ್ಯರ ಸರ್ಟಿಫಿಕೇಟಿನ ನಕಲನ್ನು ಹಾಜರಿ ಪುಸ್ತಕ, ಸಂಬಳದ ಚೀಟಿಗಳೊಡನೆ ತಾರೀಖುವಾರು ಹೋಲಿಸಿ ನೋಡಬೇಕು. ಮೂವತ್ತು ದಿನಗಳಲ್ಲಿ ಮೂರಕ್ಕೆ ಸಂಬಳ ಬಂದಿದ್ದರೆ ಆ ಮೂರನ್ನು ಒಪ್ಪಿಕೊಂಡು, ಉಳಿದ ಇಪ್ಪತ್ತೇಳಕ್ಕೆ ಕಾರಣ ಕೇಳಿ ಬರೆಯುವುದು ವಿವೇಕ. ಮಾಲಿಕರ ಗುಮಾಸ್ತೆ ಗೈರುಹಾಜರಿಯನ್ನು ಸಂಬಳದ ರಜೆಯೆಂದು ಬರೆದಿರುವುದೂ ಅಸಂಭವವಲ್ಲ!

ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ನೌಕರರ ವಿಮಾ ನ್ಯಾಯಾಲಯವುಂಟು. 75ನೆಯ ಕಲಮು ಇಂತಹ ವಿವಾದವನ್ನು ಅದಕ್ಕೇ ಒಪ್ಪಿಸಿತ್ತು. ವಕೀಲನಿಲ್ಲದವನ ಪರವಾಗಿ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ನಿಲ್ಲಬಹುದಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ನ್ಯಾಯಾಲಯ ಉಳಿದಿದೆ. ಪತ್ರ ಬಂದ ಲಕೋಟೆಯನ್ನು ಮಾತ್ರ ಎಸೆಯಬಾರದು. ಅಂಚೆಯ ತಾರೀಖು ಅದರ ಮೇಲಿರುತ್ತದೆ.