ಜಾಲತಾಣದ ಹೋರಾಟ ಮತ್ತು ಮನಸ್ಸಿನ ಸ್ವಾಸ್ಥ್ಯ

ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದನ್ನು ಮಂಡ್ಯ ಜಿಲ್ಲೆಯ ವಿದ್ಯಾರ್ಥಿಗೆ ಪಾಠಪುಸ್ತಕದಿಂದ ಕಲಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಟ್ಟೆಯ ನೀರು ಇಂದು ಎಷ್ಟು ಇಳಿಯಿತು, ನಾಲೆಗೆ ಎಂದು ಬಿಡುವರು ಎಂಬ ಮಾತು ಮನೆಮನೆಯಲ್ಲಿಯೂ ನಡೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಊರುಗಳಿಗಂತೂ ಇದು ಬೆಳೆಯ ಅಳಿವು ಉಳಿವಿನ ಪ್ರಶ್ನೆ. 1991, 2002, 2012, 2016, 2023ನೆಯ ವರ್ಷಗಳಲ್ಲಿ ಕಾವೇರಿ ನೀರಿಗಾಗಿ ದೊಡ್ಡ ಚಳವಳಿಗಳು ನಡೆದುವು. ಇವುಗಳಲ್ಲಿ ಕೊನೆಯ ಎರಡಕ್ಕೆ, ಮೊದಲಿನವುಗಳಿಗೆ ಅಷ್ಟಾಗಿ ದೊರೆಯದಿದ್ದ ಒಂದು ಸಾಧನ ಒದಗಿತ್ತು: ಯುವಕರ ಅಂಗೈಯಲ್ಲಿದ್ದ ಮೊಬೈಲು.

ಈ ಸಾಧನದ ಬಲ ಸಾಮಾನ್ಯವಾದುದಲ್ಲ. ಒಣಗಿದ ಬೆಳೆಯ ಚಿತ್ರ ಕ್ಷಣಮಾತ್ರದಲ್ಲಿ ನಾಡಿನಾದ್ಯಂತ ತಲಪುತ್ತದೆ. ಬಂದ್‌ನ ಕರೆ ಊರೂರಿಗೆ ಮುಟ್ಟುತ್ತದೆ. ಆದರೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದಾಗ ಹಲ್ಲೆಯ ದೃಶ್ಯಗಳು ಹರಡಿ ಜನರ ಕೋಪವನ್ನು ಕೆರಳಿಸಿದುದೂ ಇದೇ ಮೊಬೈಲಿನ ಮೂಲಕ. ಇಂಥ ಸಂದೇಶಗಳನ್ನು ಹಗಲಿರುಳೂ ಓದಿ, ಬರೆದು, ಕಳುಹಿಸುವ ಕಾರ್ಯಕರ್ತನ ಮನಸ್ಸಿಗೆ ಏನಾಗುತ್ತದೆ? ಅದನ್ನು ಕಾಪಾಡಿಕೊಳ್ಳುವ ಬಗೆ ಯಾವುದು? ಇದನ್ನು ವಿಜ್ಞಾನದ ಬೆಳಕಿನಲ್ಲಿ ನೋಡೋಣ.

ಅಪಾಯಕ್ಕೆ ದೇಹದ ಸಿದ್ಧತೆ

ಗದ್ದೆಯ ಬದುವಿನಲ್ಲಿ ನಡೆಯುವಾಗ ಕಾಲ ಬಳಿ ಹಾವು ಕಂಡಿತೆನ್ನಿ. ಒಡನೆಯೇ ಎದೆ ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುವುದೇ ಇದಕ್ಕೆ ಮುಖ್ಯ ಕಾರಣ. ಹೋರಾಡಲು ಅಥವಾ ಓಡಿಹೋಗಲು ದೇಹವು ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಹಾವು ಸರಿದುಹೋದ ಮೇಲೆ ಎದೆಬಡಿತ ಇಳಿಯುತ್ತದೆ. ದೇಹ ಎಂದಿನ ಸ್ಥಿತಿಗೆ ಮರಳುತ್ತದೆ.

ಅಪಾಯವು ಸರಿಯದೆ ನಿಂತರೆ? 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಈ ಪ್ರಶ್ನೆಗೆ ಉತ್ತರ ಕೊಟ್ಟನು. ಬಹುಕಾಲ ಮುಂದುವರಿದ ಒತ್ತಡಕ್ಕೆ ಗುರಿಯಾದ ದೇಹವು ಮೂರು ಹಂತಗಳನ್ನು ದಾಟುತ್ತದೆಂದು ಅವನು ತೋರಿಸಿದನು: ಮೊದಲು ಎಚ್ಚರಿಕೆ, ಅನಂತರ ಪ್ರತಿರೋಧ, ಕಡೆಗೆ ನಿತ್ರಾಣ. ಎಂದರೆ, ಒತ್ತಡವನ್ನು ತಡೆಯುವ ಶಕ್ತಿ ನಮ್ಮಲ್ಲಿ ಉಂಟು. ಆದರೆ ಅದು ಅಕ್ಷಯವಾದುದಲ್ಲ. ನಮ್ಮ ದೇಹದ ರಚನೆಯು ಮುಗಿಯುವ ಅಪಾಯಗಳಿಗೆ ತಕ್ಕುದಾಗಿದೆ. ಮೊಬೈಲಿನಲ್ಲಿ ಅಪಾಯದ ಸುದ್ದಿಗೆ ಮುಗಿತಾಯವೆಂಬುದೇ ಇಲ್ಲ.

ಜಾಲತಾಣದ ಮೂರು ಗುಣಗಳು

ಮೊದಲನೆಯದಾಗಿ, ಜಾಲತಾಣವು ದೂರವನ್ನು ಅಳಿಸಿಹಾಕುತ್ತದೆ. 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಇಂಥ ಅನ್ಯಾಯದ ವಿರುದ್ಧ ಬರೆಯುವವರು ಮನಸ್ಸನ್ನು ಕಲಕುವ ವಿವರಗಳನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಓದುವುದರಿಂದ ಆಗುವ ಆಘಾತ ಕಾಲ್ಪನಿಕವೆಂದು ತಿಳಿಯಬಾರದು. 2013ರಲ್ಲಿ ಅಮೆರಿಕದ ಬಾಸ್ಟನ್ ನಗರದ ಓಟದ ಸ್ಪರ್ಧೆಯಲ್ಲಿ ಬಾಂಬುಗಳು ಸಿಡಿದುವು. ಅನಂತರದ ವಾರದಲ್ಲಿ ಆ ಸುದ್ದಿಯನ್ನು ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ನೋಡಿದವರಲ್ಲಿ, ಸ್ಥಳದಲ್ಲಿಯೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣಗಳು ಕಂಡುಬಂದುವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಎರಡನೆಯದಾಗಿ, ಮೊಬೈಲಿನ ಪ್ರತಿಫಲ ಅನಿಶ್ಚಿತವಾದುದು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದಾಗ, ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂದು ಗೊತ್ತಿಲ್ಲದ ಹಕ್ಕಿಯೇ ಬಿಡದೆ ಕುಕ್ಕುತ್ತಿದ್ದಿತು. ಹತ್ತು ಸಲ ತೆರೆದಾಗ ಒಮ್ಮೆ ಮೆಚ್ಚುಗೆ, ಒಮ್ಮೆ ಬೈಗುಳ, ಉಳಿದಂತೆ ಏನೂ ಇಲ್ಲ ಎಂದಾಗ ನಮ್ಮ ಬೆರಳೂ ಹಾಗೆಯೇ ಮತ್ತೆ ಮತ್ತೆ ಮೊಬೈಲಿನತ್ತ ಹೋಗುತ್ತದೆ.

ಮೂರನೆಯದಾಗಿ, ಅಲ್ಲಿ ಕೋಪಕ್ಕೆ ವೇಗ ಹೆಚ್ಚು. ನೀತಿ ಮತ್ತು ಭಾವ ಎರಡನ್ನೂ ಕೆರಳಿಸುವ ಒಂದೊಂದು ಪದವೂ ಸಂದೇಶದ ಹರಡುವಿಕೆಯನ್ನು ಸುಮಾರು ಶೇಕಡ 20ರಷ್ಟು ಹೆಚ್ಚಿಸಿತೆಂದು ಟ್ವಿಟರ್ ಸಂದೇಶಗಳನ್ನು ಪರೀಕ್ಷಿಸಿದ 2017ರ ಸಂಶೋಧನೆಯೊಂದು ಕಂಡುಕೊಂಡಿತು. ಆದ್ದರಿಂದ ಶಾಂತವಾದ ಮಾತು ಹಿಂದೆ ಉಳಿದು, ಉರಿಯುವ ಮಾತೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ.

ಉರಿದು ಬರಿದಾಗುವಿಕೆ

1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞನು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಸ್ವಯಂಸೇವಕರಲ್ಲಿ ಒಂದು ಸ್ಥಿತಿಯನ್ನು ಗುರುತಿಸಿ ಅದನ್ನು ‘ಬರ್ನ್‌ಔಟ್’ ಎಂದು ಕರೆದನು. ಉರಿದು ಬರಿದಾಗುವಿಕೆ ಎಂದು ಅದರ ಅರ್ಥ. ಸೋಮಾರಿಗಳಿಗಲ್ಲ, ಧ್ಯೇಯಕ್ಕೆ ತಮ್ಮನ್ನು ಒಪ್ಪಿಸಿಕೊಂಡವರಿಗೇ ಇದು ತಗಲುವುದೆಂಬುದು ಅವನ ಮುಖ್ಯ ಮಾತು. ಮುಂದೆ ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಸಂಶೋಧಕಿ ಇದರ ಮೂರು ಲಕ್ಷಣಗಳನ್ನು ಹೇಳಿದಳು: ಮನಸ್ಸಿನ ತೀವ್ರ ಬಳಲಿಕೆ, ಜನರ ಬಗ್ಗೆ ನಿಷ್ಠುರತೆ, ‘ನನ್ನಿಂದ ಏನೂ ಆಗಲಿಲ್ಲ’ ಎಂಬ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದಲ್ಲ, ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು. ರೈತರ ಪರವಾಗಿ ಬರೆಯುತ್ತಿದ್ದವನೇ ರೈತರನ್ನು ಹಳಿಯತೊಡಗಿದರೆ, ಅದು ಅವನ ಗುಣದ ದೋಷವೆಂದು ತೀರ್ಮಾನಿಸುವ ಮುನ್ನ ಅವನ ಬಳಲಿಕೆಯನ್ನು ಗಮನಿಸಬೇಕು.

ಸರದಿಯೆಂಬ ವಿವೇಕ

ಇದಕ್ಕೆ ಪರಿಹಾರದ ಸೂಚನೆ ನಮ್ಮ ನಾಲೆಯಲ್ಲಿಯೇ ಇದೆ. ನೀರು ಕಡಮೆಯಾದಾಗ ಅದನ್ನು ಎಡೆಬಿಡದೆ ಹರಿಸದೆ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮವನ್ನು ‘ಕಟ್ಟು ಪದ್ಧತಿ’ ಎನ್ನುತ್ತಾರೆ. ಹೀಗೆ ಮಾಡಿದರೆ ಇದ್ದ ನೀರು ಬಹುದಿನ ಬರುತ್ತದೆ. ಮೇಲಾಗಿ, ಸದಾ ನೀರು ನಿಂತ ಕಬ್ಬಿನ ಗದ್ದೆಯಲ್ಲಿ ಬೇರಿಗೆ ಗಾಳಿ ಸಾಲದೆ ಬೆಳೆ ಕೆಡುತ್ತದೆ. ಮನಸ್ಸಿಗೂ ಬಿಡುವ ದಿನ, ನಿಲ್ಲಿಸುವ ದಿನ ಎರಡೂ ಬೇಕು.

ಹಿಂದಿನ ಚಳವಳಿಗಳಲ್ಲಿ ಈ ಬಿಡುವು ತಾನಾಗಿಯೇ ದೊರೆಯುತ್ತಿದ್ದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ನಿಷೇಧವನ್ನು ಮುರಿದು ಧ್ವಜವನ್ನು ಹಾರಿಸಲಾಯಿತು. ಅದಕ್ಕೊಂದು ಸ್ಥಳವಿದ್ದಿತು, ಗೊತ್ತಾದ ದಿನಗಳಿದ್ದುವು, ಜೊತೆಗೆ ನಿಂತ ಸಾವಿರಾರು ಜನರಿದ್ದರು. ಗಾಂಧೀಜಿಯವರಂತೂ ಚಳವಳಿಯ ನಡುವೆಯೂ ಸೋಮವಾರ ಮೌನವ್ರತವನ್ನು ಪಾಲಿಸುತ್ತಿದ್ದರು. ಸರದಿ ಉಪವಾಸವೆಂಬ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ: ಒಬ್ಬನು ಏಳುತ್ತಾನೆ, ಇನ್ನೊಬ್ಬನು ಕೂರುತ್ತಾನೆ, ಸತ್ಯಾಗ್ರಹ ಮಾತ್ರ ನಿಲ್ಲುವುದಿಲ್ಲ. ಜಾಲತಾಣದ ಕಾರ್ಯಕರ್ತನಾದರೋ ರಾತ್ರಿ ಎರಡು ಗಂಟೆಯಲ್ಲಿ ಏಕಾಂಗಿಯಾಗಿ ಬೈಗುಳಕ್ಕೆ ಉತ್ತರ ಬರೆಯುತ್ತಿರುತ್ತಾನೆ. ಅವನಿಗೆ ಸರದಿಯಿಲ್ಲ, ಅದನ್ನು ನಾವೇ ಏರ್ಪಡಿಸಿಕೊಳ್ಳಬೇಕು.

ಆಚರಣೆಗೆ ಕೆಲವು ಕ್ರಮಗಳು

1. ಗುಂಪಿನ ಸಂದೇಶಗಳನ್ನು ನೋಡಿಕೊಳ್ಳುವ ಹೊಣೆಯನ್ನು ಮೂರು ನಾಲ್ಕು ಮಂದಿ ದಿನದ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಸರದಿ ಇಲ್ಲದವರು ಆ ದಿನ ಗುಂಪನ್ನು ತೆರೆಯಬೇಕಾಗಿಲ್ಲ.

2. ಸುದ್ದಿ ನೋಡಲು ಹಗಲಿನಲ್ಲಿ ಎರಡು ಹೊತ್ತನ್ನು ಗೊತ್ತುಮಾಡಿ, ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಬೇಕು. ಪ್ರೌಢಶಾಲೆಯ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ, ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಅವಶ್ಯಕ.

3. ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಅದರ ದಿನಾಂಕವನ್ನೂ ಮೂಲವನ್ನೂ ಪರೀಕ್ಷಿಸಬೇಕು. ಸುಳ್ಳನ್ನು ತಡೆಯುವುದರ ಜೊತೆಗೆ, ಈ ತಡೆಯು ಕೋಪಕ್ಕೆ ಇಳಿಯಲು ಸಮಯ ಕೊಡುತ್ತದೆ.

4. ಮನಸ್ಸು ಕಲಕಿದಾಗ ಅದು ಕೋಪವೋ, ಭಯವೋ, ದುಃಖವೋ ಎಂಬುದನ್ನು ಹೆಸರಿಟ್ಟು ಬರೆದುಕೊಳ್ಳಿ. ಭಾವನೆಗೆ ಹೆಸರಿಟ್ಟಾಗ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುವುದೆಂದು 2007ರ ಪ್ರಯೋಗವೊಂದು ತೋರಿಸಿತು.

5. ಹೀನಾಯವಾಗಿ ಬೈಯುವವರಿಗೆ ಉತ್ತರ ಕೊಡುವುದು ಕರ್ತವ್ಯವಲ್ಲ. ಬೆದರಿಕೆಯಿದ್ದರೆ ಅದರ ಚಿತ್ರವನ್ನು ಉಳಿಸಿಕೊಂಡು, ಅವರನ್ನು ತಡೆಹಿಡಿದು, ಹಿರಿಯರಿಗೂ ಪೊಲೀಸರಿಗೂ ತಿಳಿಸತಕ್ಕದ್ದು.

ಇಷ್ಟರಿಂದಲೂ ನೆಮ್ಮದಿ ಬಾರದೆ, ನಿದ್ರೆಗೇಡು, ಬೇಸರ, ನಿರಾಸಕ್ತಿಗಳು ಎರಡು ವಾರ ಮೀರಿ ನಿಂತರೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂದು ಸ್ನೇಹಿತನೊಬ್ಬನು ಹೇಳಿದರೆ, ಅದನ್ನು ಹಗುರವಾಗಿ ಭಾವಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಕೂಡಲೆ ಸಹಾಯ ಪಡೆಯಬೇಕು.

ಒಂದು ಮಾತನ್ನು ಮರೆಯಬಾರದು. ಹೋರಾಟಗಾರನ ಮನಸ್ಸಿಗೆ ವಿಶ್ರಾಂತಿ ಬೇಕೆಂದರೆ ಅವನ ಅಳಲು ಮನಸ್ಸಿನ ಭ್ರಮೆಯೆಂದು ಅರ್ಥವಲ್ಲ. ನಾಲೆ ಬತ್ತಿದಾಗ ಬೇಕಾದುದು ನೀರೇ ಹೊರತು ಸಾಂತ್ವನವಲ್ಲ. ಆದರೆ ಕಾವೇರಿಯ ಪ್ರಶ್ನೆ ಒಂದು ರಾತ್ರಿಯದಲ್ಲ. 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನೇಮಕವಾದ ನ್ಯಾಯಾಧಿಕರಣ, 2007ರ ಅದರ ತೀರ್ಪು, 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಹೀಗೆ ಒಂದು ಶತಮಾನಕ್ಕೂ ಮೀರಿ ಅದು ಹರಿದುಬಂದಿದೆ. ಇಷ್ಟು ದೀರ್ಘವಾದ ಕಾರ್ಯಕ್ಕೆ ಒಂದು ವಾರ ಉರಿದು ಆರಿಹೋಗುವವರು ಸಾಲದು. ಹತ್ತು ವರ್ಷಗಳ ಮೇಲೂ ಓದಿ, ತಿಳಿದು, ನಿಧಾನವಾಗಿ ಮಾತನಾಡಬಲ್ಲವರು ಬೇಕು. ಸಕಾಲದಲ್ಲಿ ನಿದ್ರಿಸುವ, ಸರದಿ ಮುಗಿದೊಡನೆ ಕೆಲಸವನ್ನು ಗೆಳೆಯನ ಕೈಗೆ ಒಪ್ಪಿಸುವ ವಿದ್ಯಾರ್ಥಿಯು ಹೋರಾಟದಿಂದ ಹಿಂದೆ ಸರಿದವನಲ್ಲ. ಅದರಲ್ಲಿ ಬಹುಕಾಲ ಉಳಿಯಲು ಸಿದ್ಧನಾಗುತ್ತಿರುವವನು.